ಒಣ ಕುಂಚ

ಇದು ಶುರುವಾದದ್ದು ಚಳಿಗಾಲ ಕಾಲು ಕೀಳುವ ದಿನಗಳಲ್ಲಿ, ಮಧ್ಯಾಹ್ನದ ಊಟವಾಗಿ ಪಾತ್ರೆ ತೊಳೆದಿಟ್ಟ ಮೇಲಿನ ಹೊತ್ತಿನಲ್ಲಿ. ಬಿಸಿಲು ಕಿಟಕಿಯ ಚೌಕಟ್ಟು ದಾಟಿ, ಅಕ್ಕ ಕೂತ ಕುರ್ಚಿಯ ಕೈಮೇಲೆ ಬಂದು ತಾನೂ ಕೂರುವ ಗಳಿಗೆ ಅದು. ಆ ಗಳಿಗೆಯಲ್ಲಿ ಅವನು ಬಣ್ಣದ ಚಾಕು ಎತ್ತಿಕೊಂಡು ಚಿತ್ರದೊಳಗಿನ ಅಕ್ಕನನ್ನು ಕೆರೆದು ತೆಗೆದುಬಿಟ್ಟ. ಎದುರಿಗೆ ಅಕ್ಕ ಕೂತೇ ಇದ್ದಳು, ಕೈ ಮಡಿಲಲ್ಲಿಟ್ಟುಕೊಂಡು, ಬೆಳಕು ಬಂದ ಕಡೆಗೆ ಮುಖ ಮಾಡಿಕೊಂಡು. ಅವಳಿಗೆ ಕಣ್ಣು ಕಾಣುವುದಿಲ್ಲ. ಬೆಳಕು ಎಲ್ಲಿದೆ ಎಂದು ಮಾತ್ರ ತಿಳಿಯುತ್ತದೆ, ಅದು ಯಾವುದರ ಮೇಲೆ ಬಿದ್ದಿದೆ ಎಂದು ತಿಳಿಯುವುದಿಲ್ಲ. "ಮುಖ ಆಯ್ತೇನೋ?" ಎಂದು ಕೇಳಿದ್ದಳು. "ಆಗ್ತಾ ಇದೆ" ಎಂದಿದ್ದ ಅವನು. ಚಾಕುವಿನ ತುದಿಯಲ್ಲಿ ಅವಳ ಕೆನ್ನೆಯ ಬಣ್ಣ ಮುದ್ದೆಯಾಗಿ ನಿಂತಿತ್ತು. ಅದನ್ನು ಚಿಂದಿಬಟ್ಟೆಗೆ ಒರೆಸಿ, ಚಿಂದಿಯನ್ನು ಜೇಬಿಗೆ ತುರುಕಿಕೊಂಡಿದ್ದ, ಕದ್ದವನ ಹಾಗೆ.

ಈಗ ಬೇಸಿಗೆ. ಇವತ್ತು ಸಂಜೆ ಆ ಚಿತ್ರ ಪ್ರದರ್ಶನದ ನಡುಗೋಡೆಯ ಮೇಲಿರುತ್ತದೆ. ಅದರ ಮುಂದೆ ಅಕ್ಕ ಪಿಯಾನೊಗೆ ಕೂರುತ್ತಾಳೆ, ಅವನು ಪಿಟೀಲು ಹಿಡಿದು ಪಕ್ಕದಲ್ಲಿ ನಿಲ್ಲುತ್ತಾನೆ, ಜನ ಬಂದು ನೋಡುತ್ತಾರೆ. ಒಬ್ಬರು ಬಾಯಿಬಿಟ್ಟರೆ ಸಾಕು, ಬಣ್ಣ ಬಯಲು. ಅಷ್ಟರೊಳಗೆ ತಾನೇ ಹೇಳಿಬಿಡಬೇಕು ಎಂದು ಎದ್ದಾಗಿನಿಂದ ಅಂದುಕೊಳ್ಳುತ್ತಿದ್ದ. ಕಾಫಿ ಕುಡಿದ ಮೇಲೆ ಹೇಳೋಣ ಎಂದುಕೊಂಡ, ಕಾಫಿ ಆಯಿತು. ಗಡ್ಡ ಮಾಡಿಕೊಂಡ ಮೇಲೆ ಎಂದುಕೊಂಡು ಕನ್ನಡಿಯ ಮುಂದೆ ನಿಂತ. ಕೆನ್ನೆಯ ಮೇಲೆ ಕತ್ತಿ ಎಳೆದಾಗ ಅದು ಮಾಡಿದ ಸದ್ದಿಗೆ ಕೈ ತಾನಾಗಿ ನಿಂತಿತು. ಕೆರೆಯುವ ಸದ್ದು. ಒಳಕೋಣೆಯಲ್ಲಿ ಅಕ್ಕನ ಓಡಾಟವೂ ಅದೇ ಗಳಿಗೆಗೆ ನಿಂತ ಹಾಗಾಯಿತು. ಅವನು ನಲ್ಲಿ ತಿರುಗಿಸಿ ನೀರನ್ನು ಜೋರಾಗಿ ಬಿಟ್ಟ.

"ಮರೀ, ನನ್ನ ನೀಲಿ ಉಡುಪು ಎಲ್ಲಿಟ್ಟಿದ್ದೀಯೋ?"

"ಬೇರೆ ಯಾವುದಾದ್ರೂ ಹಾಕ್ಕೋ ಅಕ್ಕ. ಸೆಕೆ ಇದೆ. ಅದು ಚಳಿಗಾಲದ್ದು."

"ಸೆಕೆ ಆಗೋದು ನನಗೆ ತಾನೆ? ಚಿತ್ರದಲ್ಲಿ ಹಾಕ್ಕೊಂಡಿರೋದು ಅದೇ ಅಲ್ವೇನೋ, ಬಿಳೀ ಕಾಲರಿಂದು. ಅದನ್ನೇ ಹಾಕ್ಕೊಂಡ್ರೆ ನೋಡೋರಿಗೆ ಗುರುತು ಸಿಗುತ್ತೆ. ಗೋಡೆ ಮೇಲೊಬ್ಬಳು, ಗೋಡೆ ಮುಂದೊಬ್ಬಳು. ಒಂದು ಟಿಕೆಟ್ಟಿಗೆ ಇಬ್ಬರು ಅಕ್ಕಂದಿರು."

"ಟಿಕೆಟ್ ಇಲ್ಲ. ಪುಕ್ಕಟೆ."

"ಇನ್ನೂ ಒಳ್ಳೇದಾಯ್ತು. ಪುಕ್ಕಟೆ ಅಂದ್ರೆ ಜನ ಕಣ್ಣಿಟ್ಟು ನೋಡ್ತಾರೆ."

ಬೀರುವಿನ ತಳದಿಂದ ಆ ಉಡುಪು ತೆಗೆದು ಕೊಟ್ಟ. ಕಾಲರಿನ ಗುಂಡಿ ಹಿಂದುಗಡೆ. ಅದನ್ನು ಹಾಕುವುದು ಯಾವಾಗಲೂ ಅವನ ಕೆಲಸ. ಅವಳು ತಲೆ ಬಗ್ಗಿಸಿ ನಿಂತಳು. ಈಗ ಹೇಳಬಹುದು, ಮುಖ ನೋಡಬೇಕಾಗಿಲ್ಲ ಎಂದು ಅನ್ನಿಸಿತು. ಹಿಂಗತ್ತಿನ ಮೇಲೆ ಒಂದು ಮಚ್ಚೆ, ಅದರ ಪಕ್ಕದಲ್ಲಿ ಜಡೆಗೆ ಸಿಕ್ಕದೆ ಉಳಿದ ಮೂರು ನಾಲ್ಕು ನರೆಗೂದಲು, ಒಂದೊಂದೂ ಬೇರೆ ಬೇರೆ, ಸೂಜಿಯಿಂದ ಗೀರಿದ ಹಾಗೆ. ಇದೇ ಅವನಿಗೆ ಬಂದ ಕೇಡು. ಲೋಕದಲ್ಲಿ ಮಿಕ್ಕಿದ್ದೆಲ್ಲ ಅವನ ಕಣ್ಣಿಗೆ ಕರಗುತ್ತಿತ್ತು, ಗೋಡೆ ಗಾಳಿಯೊಳಕ್ಕೆ, ಮರ ಆಕಾಶದೊಳಕ್ಕೆ, ಬೀದಿಯ ಜನ ಬೀದಿಯೊಳಕ್ಕೆ. ಅಕ್ಕ ಮಾತ್ರ ಕರಗುತ್ತಿರಲಿಲ್ಲ. ಅವಳಿಗೆ ಅಂಚಿತ್ತು. ಚಳಿಗಾಲವಿಡೀ ಬರೆದ ಆ ಚಿತ್ರದಲ್ಲಿ ಕಿಟಕಿ, ಪರದೆ, ಕುರ್ಚಿ ಎಲ್ಲ ಬಿಸಿಲಿನಲ್ಲಿ ಬೆರೆತು ಉಸಿರಾಡುತ್ತಿದ್ದವು, ನಡುವೆ ಅಕ್ಕ ಮಾತ್ರ ಲಕೋಟೆಯ ಮೇಲಿನ ಅಂಚೆಚೀಟಿಯ ಹಾಗೆ ಅಂಟಿಕೊಂಡು ಕೂತಿದ್ದಳು. ಬರೆದ, ಒರೆಸಿದ, ಮತ್ತೆ ಬರೆದ. ಅವಳ ಅಂಚು ಹೋಗಲಿಲ್ಲ. ಕಡೆಗೆ ಅವಳನ್ನೇ ತೆಗೆದ. ತೆಗೆದ ಕೂಡಲೇ ಚಿತ್ರ ಕಣ್ಣು ತೆರೆಯಿತು. ಅಷ್ಟು ಒಳ್ಳೆಯ ಚಿತ್ರವನ್ನು ಅವನು ಹಿಂದೆ ಬರೆದಿರಲಿಲ್ಲ. ಅದೇ ಅವನನ್ನು ಹೆಚ್ಚು ಹೆದರಿಸಿದ್ದು.

"ಗುಂಡಿ ಹಾಕೋಕೆ ಇಷ್ಟು ಹೊತ್ತೇನೋ? ಎರಡು ಸಲ ಜಾರಿತು."

"ಸಂಜೆ ನುಡಿಸ್ಬೇಕಲ್ಲ, ಅದಕ್ಕೆ."

"ಹೂಂ" ಎಂದಳು ಅಕ್ಕ. ಅವಳ 'ಹೂಂ' ಬಾಗಿಲಿನ ಹಾಗೆ. ತೆರೆದಿದೆಯೋ ಹಾಕಿದೆಯೋ ಹತ್ತಿರ ಹೋಗಿ ತಳ್ಳದೆ ಗೊತ್ತಾಗುವುದಿಲ್ಲ.

ಅಂಚು ಎಂಬ ಮಾತನ್ನು ಅವನಿಗೆ ಕಲಿಸಿದವಳೂ ಅವಳೇ. ದೊಡ್ಡ ಜ್ವರ ಬಂದು ಬಿಟ್ಟ ವರ್ಷ, ಅವಳಿನ್ನೂ ಲಂಗದ ಹುಡುಗಿ, ಇವನು ಅವಳ ಸೊಂಟದೆತ್ತರ. ಮೊದಲು ಹೋದದ್ದು ಅಂಚು. ಮಹಡಿ ಮೆಟ್ಟಿಲ ಮೇಲೆ ಇವನನ್ನು ಪಕ್ಕಕ್ಕೆ ಕೂರಿಸಿಕೊಂಡು ಕಥೆ ಹೇಳಿದ ಹಾಗೆ ಹೇಳುತ್ತಿದ್ದಳು: ಇವತ್ತು ಮರದ ಅಂಚು ಹೋಯ್ತು ಕಣೋ, ಹಸಿರೆಲ್ಲ ಆಕಾಶಕ್ಕೆ ಚೆಲ್ಲಿದೆ. ಇವತ್ತು ಅಮ್ಮನ ಮುಖದ ಅಂಚು ಹೋಯ್ತು, ಬೆಚ್ಚಗಿರೋ ಬಣ್ಣ ಒಂದು ಓಡಾಡ್ತಾ ಇದೆ, ಅದೇ ಅಮ್ಮ. ಅಳುತ್ತಿರಲಿಲ್ಲ. ಇವನಿಗೆ ಅದು ಆಟ. ಅವಳು ಹೇಳಿದ್ದನ್ನು ಹಾಗೆ ಹಾಗೇ ಕಾಗದದ ಮೇಲೆ ಬಳಿದ. ಮುಂದೆ ಚಿತ್ರದ ಶಾಲೆಗೆ ಸೇರಿದಾಗ ಮೇಷ್ಟ್ರು ಅವನ ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ, ಸತ್ತ ಇಲಿಯ ಬಾಲ ಹಿಡಿದ ಹಾಗೆ ಎಲ್ಲರಿಗೂ ತೋರಿಸಿ, "ಇದು ಮರ ಅಲ್ಲಪ್ಪ, ಮರಕ್ಕೆ ಜ್ವರ ಬಂದಿದೆ" ಎಂದರು. ತರಗತಿ ನಕ್ಕಿತು. ಇವನ ಕಿವಿ ಕಾದವು; ಜ್ವರ ಎಂಬ ಮಾತು ಅವರ ಬಾಯಿಗೆ ಹೇಗೆ ಬಂತು ಎಂದು ಬೆದರಿದ. ಕಾಲ ತಿರುಗಿತು. ಜ್ವರ ಬಂದ ಮರಗಳನ್ನೇ ಜನ ಕೊಂಡುಹೋಗಿ ಗೋಡೆಗೆ ಹಾಕಿಕೊಂಡರು. ಪತ್ರಿಕೆಯವನೊಬ್ಬ ಮನೆಗೆ ಬಂದು ಈ ಹೊಸ ಕಣ್ಣು ಎಲ್ಲಿಂದ ಬಂತು ಎಂದು ಕೇಳಿದಾಗ ಇವನು ತಲೆ ಕೆರೆದುಕೊಂಡು "ಬೆಳಕೇ ನನ್ನ ಗುರು" ಎಂದ. ಅಕ್ಕ ಅದೇ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದಳು. ಪತ್ರಿಕೆಯವನು ಹೋದ ಮೇಲೆ "ಚೆನ್ನಾಗಿ ಹೇಳಿದೆ" ಎಂದಳು. ಅಷ್ಟೇ.

ಬಾಯಲ್ಲಿ ಬಣ್ಣದ ಮಾತು ಆಡುವುದು ಅವನಿಗೆ ಕಷ್ಟವಿರಲಿಲ್ಲ. ಕಷ್ಟವಿದ್ದದ್ದು ತಂತಿಯಲ್ಲಿ. ಅವಳಿಗೆ ಬಣ್ಣವೂ ಹೋಗಿ ಬೆಳಕಿನ ಸುಳಿವಷ್ಟೇ ಉಳಿದ ಮೇಲೆ ಬಣ್ಣ ಹೇಗಿದೆ ಎಂದು ಹೇಳಲು ಮಾತು ಸಾಲದೆ, ಅವನು ಅಪ್ಪನ ಹಳೆಯ ಪಿಟೀಲನ್ನು ತೆಗೆದು ಒಂದು ಆಟ ಕಟ್ಟಿದ್ದ. ದಪ್ಪ ತಂತಿ ಮಣ್ಣು. ಅದರ ಪಕ್ಕದ್ದು ಎಲೆ. ಅದರ ಪಕ್ಕದ್ದು ನೀರು. ಸಣ್ಣ ತಂತಿ ಬಿಸಿಲು. ಕಿಟಕಿಯಾಚೆ ಏನಿದೆಯೋ ಅದನ್ನು ಎಡದಿಂದ ಬಲಕ್ಕೆ ನುಡಿಸುತ್ತಾ ಹೋಗುವುದು. "ಮನುಷ್ಯರು ಯಾವ ತಂತಿಯೋ?" ಎಂದು ಕೇಳಿದಾಗ ಇವನು ಯೋಚನೆ ಮಾಡಿ, "ಮನುಷ್ಯರಿಗೆ ಒಂದು ಸಾಲಲ್ಲ, ಎರಡು ಬೇಕು" ಎಂದು ಎರಡು ತಂತಿ ಕೂಡಿಸಿ ಎಳೆದು ತೋರಿಸಿದ. ಅವಳು ನಕ್ಕು, ಪಕ್ಕದ ಮನೆಯವಳ ಹಳೆಯ ಪಿಯಾನೊದ ಮೇಲೆ ಅದೇ ಎರಡು ಸ್ವರ ಹುಡುಕಿ ಒತ್ತಿದಳು. ಅಲ್ಲಿಂದ ಅವಳ ವಿದ್ಯೆ ಶುರು. ಒಂದು ಬೆಳಗ್ಗೆ ಮನೆ ಮಾಲೀಕ ಅಂಗಳದ ಮರ ಕಡಿಸಿಹಾಕಿದ. ಅಕ್ಕ ಸಂಕಟಪಡುತ್ತಾಳೆಂದು ಇವನು ಅವತ್ತೂ ಎಲೆಯ ತಂತಿ ನುಡಿಸಿದ. ಸಂಜೆ ಅವಳು ಇಳಿದು ಹೋಗಿ ಮರವಿದ್ದ ಕಡೆ ಕೈ ಚಾಚಿ, ಗಾಳಿಯನ್ನು ಹಿಡಿದು, ಮುಗ್ಗರಿಸಿ, ಹಸಿ ಬೊಡ್ಡೆಯ ಮೇಲೆ ಮಂಡಿ ಊರಿ ಬಿದ್ದಳು. ಮೇಲೆ ಬಂದು ಮಂಡಿ ತೊಳೆದುಕೊಳ್ಳುತ್ತಾ ಹೇಳಿದಳು: "ಬಾಯಲ್ಲಿ ಬೇಕಾದ್ರೆ ಸುಳ್ಳು ಹೇಳು ಮರಿ, ಎಲ್ಲರೂ ಹೇಳ್ತಾರೆ. ತಂತಿಯಲ್ಲಿ ಹೇಳಬೇಡ. ನನಗಿರೋ ಕಣ್ಣು ಅದೊಂದೇ." ಅಂದಿನಿಂದ ಅವನು ತಂತಿಯಲ್ಲಿ ಸುಳ್ಳು ಹೇಳಿರಲಿಲ್ಲ. ಹೋಟೆಲಿನ ಊಟದ ಕೋಣೆಯಲ್ಲಿ ಇಬ್ಬರೂ ನುಡಿಸಿ ಹೊಟ್ಟೆ ಹೊರೆದ ವರ್ಷಗಳಲ್ಲಿ, ಉಣ್ಣುವವರು "ಪಿಟೀಲು ಕುಯ್ಯೋದು ನಿಲ್ಸಿ, ಅನ್ನ ಗಂಟಲಲ್ಲಿ ಇಳೀತಿಲ್ಲ" ಎಂದು ಕೂಗಿದಾಗಲೂ, ಅವನು ಸಣ್ಣ ತಂತಿಯಲ್ಲಿ ದೀಪಗಳು ಎಷ್ಟು ಚೆನ್ನಾಗಿವೆ ಎಂದು ಅಕ್ಕನಿಗೆ ತಿಳಿಸುತ್ತಲೇ ಇದ್ದ.

ಆ ಹೋಟೆಲಿನ ಪಿಯಾನೊಗೆ ಶ್ರುತಿ ಮಾಡಲು ಬರುತ್ತಿದ್ದವನನ್ನು ಎಲ್ಲರೂ ಕಿವಿಯಪ್ಪ ಎನ್ನುತ್ತಿದ್ದರು. ಹೆಂಡತಿ ತೀರಿಕೊಂಡ, ನಗೆ ತೀರದ ಮನುಷ್ಯ. "ಪಿಯಾನೊ ಅಂದ್ರೆ ಅತ್ತೆ ಇದ್ದ ಹಾಗೆ, ಆಗಾಗ ಬಂದು ಸಮಾಧಾನ ಮಾಡದಿದ್ರೆ ಮನೆಯೆಲ್ಲ ಅಪಸ್ವರ" ಎನ್ನುತ್ತಾ ಒಳಗೆ ತಲೆ ತೂರಿಸಿಕೊಂಡಿರುತ್ತಿದ್ದ. ಚಳಿಗಾಲದ ಮೊದಲಲ್ಲಿ ಅವನು ಮನೆಗೆ ಬಂದು, ದೂರದ ಊರಿನ ಸಂಗೀತಶಾಲೆಯಲ್ಲಿ ಪಿಯಾನೊ ಕಲಿಸುವವರು ಬೇಕಾಗಿದ್ದಾರೆ, ಬರುವ ಬೇಸಿಗೆಗೆ ತಾನೂ ಅಲ್ಲಿಗೇ ಕೆಲಸಕ್ಕೆ ಹೋಗುತ್ತಿದ್ದೇನೆ, ಅಕ್ಕಾವ್ರಿಗೆ ಇರಲು ಕೋಣೆಯನ್ನೂ ಕೊಡುತ್ತಾರೆ ಎಂದು ಹೇಳಿದ್ದ. ಇವನು ಕಿಟಕಿಯ ಕಡೆ ತಿರುಗಿಕೊಂಡಿದ್ದ. ಅಕ್ಕ "ಇವನು ನನ್ನ ಚಿತ್ರ ಬರೀತಿದ್ದಾನೆ. ಅದು ಮುಗೀಲಿ, ಆಮೇಲೆ ನೋಡೋಣ" ಎಂದಿದ್ದಳು. ಆ ಮಾತು ತಮ್ಮನ ಎದೆಯಲ್ಲಿ ಮೊಳೆ ಹೊಡೆದುಕೊಂಡು ಕೂತಿತು. ಚಿತ್ರ ಮುಗಿದರೆ ಅಕ್ಕ ಹೋಗುತ್ತಾಳೆ. ಅವಳನ್ನು ಕೆರೆದು ತೆಗೆದ ದಿನ ಚಿತ್ರ ಮುಗಿದಿತ್ತು. ಮಾರನೆಯ ಮಧ್ಯಾಹ್ನ ಅವಳು ತಾನಾಗಿ ಬಂದು ಕುರ್ಚಿಯಲ್ಲಿ ಕೂತು ಕಾಲರು ಸರಿಮಾಡಿಕೊಂಡು "ಶುರು ಮಾಡು" ಎಂದಾಗ ಅವನು ಬಣ್ಣ ಹತ್ತಿಸದ ಕುಂಚ ಹಿಡಿದು, ಕ್ಯಾನ್ವಾಸಿನ ಬರಿ ಮೂಲೆಯ ಮೇಲೆ ಸುಮ್ಮನೆ ಆಡಿಸಿದ. ಸರ್, ಸರ್ ಎಂದು. ಅದರ ಮಾರನೆಯ ದಿನವೂ. ವಸಂತ ಕಳೆದು ಬೇಸಿಗೆ ಬರುವ ತನಕ ದಿನಾ ಮಧ್ಯಾಹ್ನ ಅಕ್ಕ ಕೂತಳು, ಅವನು ಒಣ ಕುಂಚ ಆಡಿಸಿದ. ಒಂದೊಂದು ಸಲ ನಡುವೆ "ತಲೆ ಸ್ವಲ್ಪ ಎಡಕ್ಕೆ" ಎನ್ನುತ್ತಿದ್ದ. ಅವಳು ತಿರುಗಿಸುತ್ತಿದ್ದಳು.

ಸಭಾಂಗಣಕ್ಕೆ ನಡೆದೇ ಹೋದರು. ದಾರಿಯುದ್ದಕ್ಕೂ ಅವಳ ಕೈ ಅವನ ಮೊಣಕೈ ಮೇಲಿತ್ತು. ಆ ಮೂಲೆ ತಿರುಗಿದ ಮೇಲೆ ಹೇಳುತ್ತೇನೆ. ಈ ಬ್ಯಾಂಕಿನ ಮೆಟ್ಟಿಲು ದಾಟಿದ ಮೇಲೆ. ಬಸ್ಸು ಹೋಗಲಿ, ಸದ್ದು ಜಾಸ್ತಿ. ಬಾಗಿಲಲ್ಲಿ ಪ್ರದರ್ಶನದ ಮೇಲ್ವಿಚಾರಕಿ ನಿಂತಿದ್ದಳು. ಚಿತ್ರದ ಹೆಸರು ಕೇಳಿದರೆ ಅದರಲ್ಲಿ ತಾನಿಲ್ಲವೆಂದು ಅಕ್ಕನಿಗೆ ತಿಳಿದುಬಿಡುತ್ತದೆಂದು ಹೆದರಿ, ಅದನ್ನು ಮೈಕಿನಲ್ಲಿ ಹೇಳಬೇಡಿ ಎಂದು ಅವನು ಎರಡು ಸಲ ಬಂದು ಬೇಡಿಕೊಂಡಿದ್ದ. ಕಲಾವಿದರ ಹುಚ್ಚು ಇದ್ದದ್ದೇ ಎಂದು ಅವಳು ಒಪ್ಪಿದ್ದಳು. ಆದರೆ ಅಕ್ಕನ ನೀಲಿ ಉಡುಪನ್ನು ಕಂಡು "ಎಷ್ಟು ಚೆನ್ನಾಗಿದೆ, ಆ ಚಿತ್ರದ ಪರದೆ ಬಣ್ಣವೇ!" ಎಂದುಬಿಟ್ಟಳು. ಅವನು ಅಕ್ಕನನ್ನು ಒಳಕ್ಕೆ ಕರೆದೊಯ್ಯಲು ಹೆಜ್ಜೆ ಮುಂದಿಟ್ಟ. "ಪರದೆಯೇ?" ಎಂದು ಅಕ್ಕ ನಕ್ಕಳು. "ನನ್ನ ತಮ್ಮ ಜಿಪುಣ. ಒಂದೇ ಬಣ್ಣದಲ್ಲಿ ಅಕ್ಕನಿಗೂ ಪರದೆಗೂ ಹೊಂದಿಸಿಬಿಟ್ಟಿದ್ದಾನೆ." ಮೇಲ್ವಿಚಾರಕಿ ಅರ್ಥವಾಗದೆ ನಕ್ಕು, ಬೇರೆ ಯಾರನ್ನೋ ಮಾತಾಡಿಸಲು ಹೋದಳು.

ಕಿವಿಯಪ್ಪ ಪಿಯಾನೊದ ಶ್ರುತಿ ನೋಡಿ ಮುಗಿಸಿ, ಚಿತ್ರದ ಮುಂದೆ ಕೈ ಹಿಂದೆ ಕಟ್ಟಿ ನಿಂತಿದ್ದ. ಇವನು ಅಕ್ಕನನ್ನು ಪಿಯಾನೊದ ಮುಂದೆ ಕೂರಿಸಿ ಬರುವ ತನಕ ಅಲ್ಲಿಂದ ಕದಲಲಿಲ್ಲ. ಆಮೇಲೆ ಪಿಸುಮಾತಿನಲ್ಲಿ ಕೇಳಿದ: "ಚಿತ್ರ ಭಾರಿ ಇದೆ ಸಾರ್. ಅಕ್ಕಾವ್ರು ಎಲ್ಲಿ?"

"ದಮ್ಮಯ್ಯ ಅಂತೀನಿ, ಅವಳಿಗೆ ಹೇಳ್ಬೇಡಿ."

"ನಾನ್ಯಾಕೆ ಹೇಳ್ಲಿ? ನಾನು ಅಪಸ್ವರ ಸರಿಮಾಡೋನು, ಎತ್ತೋನಲ್ಲ." ಮೊದಲ ಸಲ ಅವನ ಮುಖದಲ್ಲಿ ನಗೆ ಇರಲಿಲ್ಲ. "ಆದ್ರೆ ಒಂದು ಮಾತು. ತಂತಿ ಸಡಿಲ ಆದದ್ದನ್ನ ಬೇಗ ಬಿಗಿದ್ರೆ ನಿಲ್ಲುತ್ತೆ. ತುಂಬಾ ದಿನ ಬಿಟ್ಟು ಬಿಗಿಯೋಕೆ ಹೋದ್ರೆ ಕಿತ್ಕೊಂಡು ಬಂದು ಮುಖಕ್ಕೇ ಹೊಡಿಯುತ್ತೆ."

ಜನ ಕೂತರು. ಮೇಲ್ವಿಚಾರಕಿ ನಾಲ್ಕು ಮಾತಾಡಿದಳು, ಬೆಳಕು ಎಂದಳು, ಹೊಸ ಕಣ್ಣು ಎಂದಳು. ಅವನು ಬಿರಡೆ ತಿರುವಿ ಅಕ್ಕ ಕೊಟ್ಟ ಸ್ವರಕ್ಕೆ ಪಿಟೀಲನ್ನು ಕೂಡಿಸಿದ. ಇಬ್ಬರೂ ಅಭ್ಯಾಸ ಮಾಡಿದ್ದ ಮೊದಲ ರಚನೆಗೆ ಕಮಾನು ಎತ್ತಿದಾಗ ಅಕ್ಕ ಪಿಯಾನೊದಿಂದ ಕೈ ತೆಗೆದು, ಎಲ್ಲರಿಗೂ ಕೇಳುವ ಹಾಗೆ, ಮನೆಯಲ್ಲಿ ಮಾತಾಡಿದಷ್ಟೇ ಸಲೀಸಾಗಿ ಹೇಳಿದಳು: "ಅದು ಆಮೇಲೆ. ಮೊದಲು ನನ್ನ ಚಿತ್ರ ನುಡಿಸು ಮರಿ. ಎಡದಿಂದ ಬಲಕ್ಕೆ. ಎಲ್ಲರೂ ನೋಡಿ ಆಯ್ತು, ನಾನೊಬ್ಬಳೇ ನೋಡಿಲ್ಲ."

ಜನ ಅದನ್ನು ಮುದ್ದಾದ ಆಟವೆಂದುಕೊಂಡು ಚಪ್ಪಾಳೆ ತಟ್ಟಿದರು. ಅವನು ಚಿತ್ರದ ಕಡೆ ತಿರುಗಿ ನಿಂತ. ಸರಿ, ಹೀಗೇ ಆಗಲಿ ಎಂದುಕೊಂಡ. ಬಾಯಲ್ಲಿ ಹೇಳಲಾಗದ್ದನ್ನು ತಂತಿ ಹೇಳಲಿ. ಎಡಗಡೆ ಗೋಡೆ. ದಪ್ಪ ತಂತಿಯಲ್ಲಿ ಮಣ್ಣಿನ ಬಣ್ಣ ಎಳೆದ, ಹಳೆಯ ಸುಣ್ಣದ ಬಿರುಕು ಎಳೆದ. ಪರದೆ. ನೀರಿನ ತಂತಿ, ಗಾಳಿಗೆ ಅಲುಗಿದಷ್ಟು ಮಾತ್ರ ಬೆರಳು ಅಲುಗಿಸಿದ. ಅಕ್ಕನ ಎಡಗೈ ಪಿಯಾನೊದ ಮೇಲೆ ಬಂದು ಪರದೆಯ ಕೆಳಗೆ ನೆರಳು ಹಾಸಿತು. ಆಚೆಯ ಹೂಕುಂಡ, ಎಲೆ, ಅದೂ ನಿಜ, ಅದೂ ಇದೆ. ಕಿಟಕಿಯ ಚೌಕಟ್ಟು ದಾಟಿ ಸಣ್ಣ ತಂತಿಗೆ ಬಂದ. ಬಿಸಿಲು. ಇನ್ನು ಬಿಸಿಲು ಒಂದೇ, ಕುರ್ಚಿಯ ಕೈಯಿಂದ ಕುರ್ಚಿಯ ಬೆನ್ನಿನ ತನಕ, ತಡೆಯುವವರಿಲ್ಲದೆ. ಒಂದೇ ತಂತಿಯನ್ನು ಕಡೆತನಕ ಎಳೆದು ನಿಲ್ಲಿಸಿದರೆ ಆಯಿತು, ಅವಳಿಗೆ ಗೊತ್ತಾಗುತ್ತದೆ. ಎಳೆಯುತ್ತಲೇ ಒಮ್ಮೆ, ನೋಡಬಾರದಿತ್ತು, ಅಕ್ಕನ ಕಡೆ ನೋಡಿದ. ಅವಳು ತಲೆಯನ್ನು ಸ್ವಲ್ಪ ಎಡಕ್ಕೆ ತಿರುಗಿಸಿಕೊಂಡು ಕೂತಿದ್ದಳು. ಒಣ ಕುಂಚ ಆಡಿಸುವಾಗ ಅವನು ಹೇಳುತ್ತಿದ್ದಷ್ಟೇ ಎಡಕ್ಕೆ. ಬಿಳಿ ಕಾಲರು, ನರೆಗೂದಲು, ಕಾಯುವ ಮುಖ, ಎಲ್ಲದಕ್ಕೂ ಸೂಜಿಯಂಥ ಅಂಚು. ಕಮಾನು ತಾನಾಗಿ ವಾಲಿತು. ಎರಡು ತಂತಿ ಕೂಡಿ ನುಡಿದವು.

ನುಡಿದದ್ದು ಚೆನ್ನಾಗಿತ್ತು. ಅಷ್ಟು ಇಂಪಾಗಿ ಅವನ ಕೈಯಿಂದ ಎಂದೂ ಬಂದಿರಲಿಲ್ಲ. ಇಲ್ಲದ ಅಕ್ಕ ಕುರ್ಚಿಯಲ್ಲಿ ಬಂದು ಕೂತಳು, ಉಸಿರಾಡಿದಳು. ಜನರಲ್ಲಿ ಯಾರೋ ನಿಟ್ಟುಸಿರಿಟ್ಟರು. ಈ ಜಾಗದಲ್ಲಿ ಅಕ್ಕ ಯಾವಾಗಲೂ ತನ್ನ ಎರಡು ಸ್ವರ ಒತ್ತಿ ಬಂದು ಕೂಡಿಕೊಳ್ಳುತ್ತಿದ್ದಳು. ಚಿಕ್ಕಂದಿನಿಂದ ಅದು ರೂಢಿ. ಅವನು ಕಾದ. ಕಮಾನನ್ನು ಇನ್ನಷ್ಟು ನಿಧಾನವಾಗಿ ಎಳೆಯುತ್ತಾ ಕಾದ. ಅಕ್ಕ ಎರಡೂ ಕೈಗಳನ್ನು ಪಿಯಾನೊದಿಂದ ತೆಗೆದು ಮಡಿಲಲ್ಲಿಟ್ಟುಕೊಂಡಳು. ಕಮಾನು ಮುಗಿಯಿತು. ಚಪ್ಪಾಳೆ ಬಿತ್ತು, ಬಹಳ ಹೊತ್ತು. ಆ ಸದ್ದಿನ ಮರೆಯಲ್ಲಿ ಅಕ್ಕ ಅವನ ಕಡೆ ತಿರುಗದೆ ಒಂದೇ ಮಾತು ಹೇಳಿದಳು.

"ಒಣ ಕುಂಚ."

ಮಿಕ್ಕ ರಚನೆಗಳನ್ನು ಅವಳು ಒಂದು ತಾಳವೂ ತಪ್ಪದೆ ನುಡಿಸಿದಳು. ತಪ್ಪಿದವನು ಅವನು. ಮರಳಿ ಬರುವಾಗ ಇನ್ನೂ ಬೆಳಕಿತ್ತು, ಬೇಸಿಗೆಯ ಸಂಜೆ ಬೇಗ ಹೋಗುವುದಿಲ್ಲ. ಬ್ಯಾಂಕಿನ ಮೆಟ್ಟಿಲ ಹತ್ತಿರ ಅವನೇ ನಿಂತ.

"ಯಾವಾಗಿಂದ ಗೊತ್ತು?"

"ಅವತ್ತಿಂದ್ಲೇ. ಹಚ್ಚೋ ಸದ್ದು ಬೇರೆ, ಕೆರೆಯೋ ಸದ್ದು ಬೇರೆ. ಎಣ್ಣೆ ಹತ್ತಿದ ಕುಂಚ ಸದ್ದು ಮಾಡಲ್ಲ, ನೆಕ್ಕಿದ ಹಾಗಿರುತ್ತೆ. ಒಣಗಿದ್ದು ಪೊರಕೆ ಥರ ಗುಡಿಸುತ್ತೆ. ಎಷ್ಟು ದಿನ ಗುಡಿಸ್ತೀಯೋ ನೋಡೋಣ ಅಂತ ಕೂತೆ."

"ಗೊತ್ತಿದ್ದೂ ಯಾಕೆ ಕೂತೆ?"

"ಹೇಳ್ತೀಯ ಅಂತ. ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ. ಕೂತು ಕೂತು ಬೆನ್ನು ಮರಗಟ್ಟಿತು."

"ನಿನ್ನನ್ನ ಮಾತ್ರ ಕರಗಿಸೋಕೆ ಆಗ್ಲಿಲ್ಲ ಅಕ್ಕ. ಬೇರೆ ಎಲ್ಲದರ ಅಂಚೂ ಹೋಗುತ್ತೆ. ನಿಂದು ಹೋಗ್ಲಿಲ್ಲ. ಅದಕ್ಕೇ ತೆಗೆದೆ."

ಅಕ್ಕನ ಮುಖದಲ್ಲಿ ಏನೋ ಬಂದು ಹೋಯಿತು. ಅದು ನಗೆಯೇ ಇರಬೇಕು. "ಈ ಮಾತನ್ನ ಅವತ್ತೇ ಹೇಳಿದ್ರೆ ನಾನೇ ನಗ್ತಾ ಚಿತ್ರದಿಂದ ಎದ್ದು ಬರ್ತಿದ್ನಲ್ಲೋ. ಇಷ್ಟು ಒಳ್ಳೆ ಮಾತು ಯಾರೂ ನನಗೆ ಹೇಳಿಲ್ಲ." ಆಮೇಲೆ, "ತೆಗೆದದ್ದಕ್ಕೆ ಕೋಪ ಇಲ್ಲ. ಕೂರಿಸಿದ್ದಕ್ಕೂ ತಡ್ಕೊಂಡೆ. ತಂತಿ ಒಂದಿತ್ತು, ಇವತ್ತು ಅದೂ..." ಎಂದು ಕೈ ಮುಂದಕ್ಕೆ ಚಾಚಿ, ಅಂದು ಮರ ಹುಡುಕಿದ ಹಾಗೆ ಗಾಳಿಯಲ್ಲಿ ಬೆರಳು ಆಡಿಸಿ, ಕೈ ಇಳಿಸಿದಳು. "ನಡಿ. ಕಾಲು ನೋಯ್ತಾ ಇದೆ."

ಅವನು ಮೊಣಕೈ ಮುಂದೆ ಮಾಡಿದ. ಅವಳು ಹಿಡಿದುಕೊಂಡಳು, ಯಾವಾಗಿನ ಹಾಗೆಯೇ. ಅದನ್ನೇ ಅವನಿಗೆ ತಾಳಲಾಗಲಿಲ್ಲ.

ಮುಂದಿನ ವಾರ ಕಿವಿಯಪ್ಪ ಸಾಮಾನಿನ ವ್ಯಾನು ತಂದು ಬಾಗಿಲಿಗೆ ನಿಲ್ಲಿಸಿದ. ಅವಳದೆಂಬುದು ಹೆಚ್ಚೇನೂ ಇರಲಿಲ್ಲ. ಒಂದು ಪೆಟ್ಟಿಗೆ, ಒಂದು ಬಟ್ಟೆಗಂಟು. ಮೆಟ್ಟಿಲಿಳಿಯುವ ಮೊದಲು ಅವಳು ಕೋಣೆಯೊಳಗೆ ಹಿಂದಕ್ಕೆ ಬಂದು, ಕಿಟಕಿಯ ತನಕ ನಡೆದು, ಕುರ್ಚಿಯ ಬೆನ್ನನ್ನು ಹಿಡಿದಳು.

"ಇದನ್ನ ತಗೊಂಡು ಹೋಗ್ತೀನಿ. ನೀನು ಕುರ್ಚಿ ಇಟ್ಕೊಂಡು ನನ್ನನ್ನ ತೆಗೆದೆ. ನನಗೆ ಕುರ್ಚಿಯಾದ್ರೂ ಇರ್ಲಿ."

"ತಗೋ ಅಕ್ಕ" ಎಂದ ಅವನು. ತಾನೇ ಹೊತ್ತು ಇಳಿಸಿದ. ಕಾಲು ಮೇಲೆ ಮಾಡಿ ಇಡಬೇಕೋ ಕೆಳಗೆ ಮಾಡಿ ಇಡಬೇಕೋ ಎಂದು ಕಿವಿಯಪ್ಪ ವ್ಯಾನಿನೊಳಗೆ ಒದ್ದಾಡುತ್ತಿದ್ದ. "ಸರಿಯಾಗೇ ಇಡ್ರೀ, ದಾರಿಯಲ್ಲಿ ಸುಸ್ತಾದ್ರೆ ಕೂತ್ಕೋಬೇಕು" ಎಂದು ಅಕ್ಕ ಗದರಿದಳು. ಆಮೇಲೆ ತಮ್ಮನ ಕಡೆ ಬೆನ್ನು ತಿರುಗಿಸಿ ತಲೆ ಬಗ್ಗಿಸಿದಳು. ಕಾಲರಿನ ಗುಂಡಿ ಬಿಚ್ಚಿತ್ತು. ಅವನು ಹಾಕಿದ. ಈ ಸಲ ಗುಂಡಿ ಜಾರಲಿಲ್ಲ. ಹೇಳಲು ಇನ್ನೇನೂ ಉಳಿದಿರಲಿಲ್ಲ.

ಮೇಲೆ ಬಂದಾಗ ಊಟದ ನಂತರದ ಹೊತ್ತು. ಬಿಸಿಲು ಚೌಕಟ್ಟು ದಾಟಿ ಒಳಗೆ ಬಂತು. ಕೂರಲು ಜಾಗ ಕಾಣದೆ ನೆಲದ ಮೇಲೆ ಹರಿದು, ಎದುರುಗೋಡೆಯ ಬುಡದ ತನಕ ಹೋಯಿತು. ಅವನು ಕುಂಚವನ್ನು ಎಣ್ಣೆಯಲ್ಲಿ ಅದ್ದಿ, ಹಾಗೇ ಹಿಡಿದು ನಿಂತಿದ್ದ. ಹನಿ ಬೀಳುವ ಸದ್ದು ಕೇಳುತ್ತಿತ್ತು. ಅದನ್ನು ಕೇಳಲು ಅಕ್ಕ ಇರಲಿಲ್ಲ.